ನನ್ನ ಓಟು 41ರ ಸೂತ್ರಕ್ಕೆ
ಇ (ಸುಮಾರು 2.718), ಪೈ, ಐ (ಮೈನಸ್ ಒಂದರ ವರ್ಗಮೂಲ) ಮೂರನ್ನೂ ಒಟ್ಟಿಗೆ ತರುವ, ಗಣಿತಜ್ಞ ಆಯ್ಲರ್‌ನ ಸಮೀಕರಣವೇ ಎಲ್ಲಕ್ಕಿಂತ ಸುಂದರ ಅಂತ ಲೇಖನದಲ್ಲಿ ಬರೆದಿದ್ದೀರಿ. ಚೆಂದವೇ, ಇಲ್ಲ ಅನ್ನಲ್ಲ. ಆದರೆ ಅದನ್ನು ಟೀ ಶರ್ಟಿನ ಮೇಲೆಲ್ಲಾ ನೋಡಿ ನೋಡಿ ಸಾಕಾಗಿದೆ. ಅದೇ ಆಯ್ಲರ್ 1772ರಲ್ಲಿ ಕೊಟ್ಟ ಇನ್ನೊಂದು ಪುಟ್ಟ ಸೂತ್ರ ನನಗೆ ಜಾಸ್ತಿ ಇಷ್ಟ. ಅಕ್ಕಪಕ್ಕದ ಎರಡು ಸಂಖ್ಯೆಗಳನ್ನು ಗುಣಿಸಿ, 41 ಕೂಡಿಸಿ. ಅಷ್ಟೇ!

ಸುಮ್ನೆ ಒಂದು ಪೆನ್ನು ಹಿಡಿದು ಮಾಡಿ ನೋಡಿ. ಸೊನ್ನೆ, ಒಂದರಿಂದ ಶುರು ಮಾಡಿದರೆ 41, ಆಮೇಲೆ 43, 47, 53, 61, 71... ಎಲ್ಲವೂ ಅವಿಭಾಜ್ಯ ಸಂಖ್ಯೆಗಳು (ಒಂದು ಮತ್ತು ತನ್ನಿಂದ ಮಾತ್ರ ಭಾಗವಾಗುವಂಥವು), ಮತ್ತೆ ನಡುವಿನ ಅಂತರ ನೋಡಿ, 2, 4, 6, 8, 10 ಅಂತ ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತದೆ. ಹೀಗೆ ಸಾಲಾಗಿ 40 ಸಲ ಕೈ ಕೊಡುವುದಿಲ್ಲ, 1601ರವರೆಗೆ. ಇನ್ನು ಯಾವಾಗಲೂ ಹೀಗೇ ಅಂತ ನಂಬಿಕೊಳ್ಳುವ ಹೊತ್ತಿಗೆ 40 ಮತ್ತು 41ರ ಸರದಿ ಬರುತ್ತದೆ, ಉತ್ತರ 1681, ಅಂದರೆ 41ರ ವರ್ಗ! ಯೋಚಿಸಿದರೆ ಅದು ಮುರಿಯಲೇಬೇಕಿತ್ತು ಅಲ್ವಾ, 41ನ್ನು ನಲವತ್ತು ಸಲ ತಗೊಂಡು ಇನ್ನೊಂದು 41 ಸೇರಿಸಿದ್ದೇವೆ.

ಇನ್ನೂ ಮಜಾ ಇದೆ. 41ರ ನಾಲ್ಕು ಪಟ್ಟಿನಲ್ಲಿ ಒಂದು ಕಳೆದರೆ 163. ಪೈಯನ್ನು 163ರ ವರ್ಗಮೂಲದಿಂದ ಗುಣಿಸಿ, ಇ ಮೇಲೆ ಅದನ್ನು ಘಾತವಾಗಿ ಏರಿಸಿದರೆ, ದಶಮಾಂಶ ಬಿಂದುವಿನ ನಂತರ ಹನ್ನೆರಡು 9 ಸಾಲಾಗಿ ಬರುತ್ತವೆ, ಪೂರ್ಣಾಂಕವೇ ಅನ್ನಿಸುವಷ್ಟು ಹತ್ತಿರ. ಇದು ಕಾಕತಾಳೀಯ ಅಲ್ಲ, 40 ಅವಿಭಾಜ್ಯಗಳ ಸಾಲಿಗೂ ಇದಕ್ಕೂ ಮೂಲ ಒಂದೇ. ಮುಂದಿನ ಸಲ ಈ 163ರ ಬಗ್ಗೆಯೇ ಬರೆಯಿರಿ.