ಒಮ್ಮೆ ಮಲೇರಿಯಾ ಬಂದರೆ ಮತ್ತೆ ಬರೋದಿಲ್ವಾ?

"ಒಂದ್ಸಲ ಮಲೇರಿಯಾ ಬಂದು ಹೋದರೆ ಸಾಕು, ಮತ್ತೆ ಹತ್ತಿರ ಸುಳಿಯಲ್ಲ" ಎಂಬ ಮಾತು ಸಿಂಧನೂರು, ಮಾನ್ವಿ ಕಡೆಯ ವಾಟ್ಸಾಪ್‌ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ದಡಾರ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ನಿಜ. ಮಲೇರಿಯಾ ಹಾಗಲ್ಲ. ಫಾಲ್ಸಿಪಾರಂ ಜಾತಿಯ ರೋಗಾಣು ರಕ್ತಕಣದ ಮೇಲೆ ತೋರಿಸುವ ಪ್ರೋಟೀನನ್ನು ಆಗಾಗ ಬದಲಿಸುತ್ತದೆ. ಅದರ ಬಳಿ ಇಂಥ ಸುಮಾರು 60 ವೇಷಗಳಿವೆ. ನಮ್ಮ ಹಗಲುವೇಷದವರೂ ಸೋಲಬೇಕು! ದೇಹ ಒಂದನ್ನು ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದು ಹಾಜರು.

ಹಾಗಂತ ತಡೆಯುವ ಶಕ್ತಿ ಬರೋದೇ ಇಲ್ಲ ಅಂತಲ್ಲ. ಆಫ್ರಿಕಾದ ಕೆಲವು ಕಡೆ ಸೋಂಕು ಮತ್ತೆ ಮತ್ತೆ ತಗಲುತ್ತಲೇ ಇರುತ್ತದೆ. ಅಲ್ಲಿ ಬದುಕುಳಿದು ದೊಡ್ಡವರಾದವರಿಗೆ ಕಾಯಿಲೆ ಜೋರಾಗುವುದು ಕಡಿಮೆ. ಆದರೂ ರಕ್ತದಲ್ಲಿ ರೋಗಾಣು ಇರಬಹುದು. ಅಲ್ಲಿ ಸಾಯುವವರಲ್ಲಿ 5 ವರ್ಷದೊಳಗಿನ ಮಕ್ಕಳೇ ಜಾಸ್ತಿ ಅನ್ನೋದನ್ನು ಮರೆಯಬಾರದು. ಊರು ಬಿಟ್ಟು ಕೆಲವು ವರ್ಷ ಬೇರೆಡೆ ಇದ್ದರೆ ಆ ಶಕ್ತಿಯೂ ಕುಗ್ಗುತ್ತದೆ. ನಮ್ಮ ಕಡೆ ಒಂದೆರಡು ಸಲ ಜ್ವರ ಬಂದವರಿಗೆ ಅಷ್ಟೂ ಸಿಗುವುದಿಲ್ಲ.

ವೈವಾಕ್ಸ್‌ ಎಂಬ ಇನ್ನೊಂದು ಜಾತಿಯ ಮಲೇರಿಯಾ ರೋಗಾಣು ಇನ್ನೂ ಕಿಲಾಡಿ. ಲಿವರ್‌ನಲ್ಲಿ ಅಡಗಿ, ತಿಂಗಳುಗಳಾದ ಮೇಲೆ ಹೊಸ ಸೊಳ್ಳೆ ಕಚ್ಚದೆಯೇ ಮತ್ತೆ ಏಳುತ್ತದೆ. ಅದಕ್ಕೇ ವೈದ್ಯರು 14 ದಿನ ಪ್ರೈಮಾಕ್ವಿನ್‌ ಮಾತ್ರೆ ಕೊಡುವುದು. ಜ್ವರ ಬಿಟ್ಟಿತು ಅಂತ ಸುಮ್ನೆ ನಡುವೆ ನಿಲ್ಲಿಸಬೇಡಿ.