ಮಹಡಿ ಕಟ್ಟುವ ಮೊದಲು ಮೇನ್ ಬೋರ್ಡ್ ನೋಡಿ

ಹಾಸನದ ನಮ್ಮ ಮನೆ 1994ರಲ್ಲಿ ಕಟ್ಟಿದ್ದು. ಆಗ ಅಪ್ಪ ಮಂಜೂರು ಮಾಡಿಸಿಕೊಂಡಿದ್ದ ಲೋಡ್ (ಒಮ್ಮೆಗೆ ಎಷ್ಟು ವಿದ್ಯುತ್ ಎಳೆಯಬಹುದು ಎಂಬ ಮಿತಿ) 2 ಕಿಲೋವ್ಯಾಟ್. ನಾಲ್ಕು ಟ್ಯೂಬ್‌ಲೈಟು, ಮೂರು ಫ್ಯಾನು, ಒಂದು ಮಿಕ್ಸಿ, ಒಂದು ಟಿವಿ ಇದ್ದ ಸಂಸಾರಕ್ಕೆ ಅಷ್ಟು ಧಾರಾಳವಾಗಿತ್ತು. ಸ್ನಾನದ ನೀರು ಹಂಡೆಯಲ್ಲಿ ಕಾಯುತ್ತಿತ್ತು. ಕಳೆದ ವರ್ಷ ತಮ್ಮನ ಸಂಸಾರಕ್ಕೆಂದು ಮೇಲೆ ಎರಡು ಕೋಣೆ, ಅಡುಗೆಮನೆ, ಬಚ್ಚಲು ಕಟ್ಟಿಸಲು ಹೊರಟ ನಾವು ಟೈಲ್ಸಿನ ಬಣ್ಣಕ್ಕಾಗಿ ವಾರಗಟ್ಟಲೆ ಚರ್ಚಿಸಿದೆವು. ಕರೆಂಟಿನ ಮಾತು ಬಂದದ್ದು ಮಾತ್ರ ಮೋಲ್ಡ್ ಹಾಕಲು ಎರಡು ವಾರ ಉಳಿದಿದ್ದಾಗ. "ಕೆಳಗಿನ ಬೋರ್ಡಿಂದ ಒಂದು ಲೈನ್ ಎಳೆದ್ರೆ ಆಯ್ತು ಬಿಡಿ ಸರ್" ಎಂದರು ಮೇಸ್ತ್ರಿ. ಬಹುತೇಕ ಮನೆಗಳಲ್ಲಿ ಹಾಗೆಯೇ ಮಾಡುತ್ತಾರೆ. ಅದು ಅಪಾಯದ ಕೆಲಸ ಎಂದು ನನಗೆ ಈಗ ಖಚಿತವಾಗಿದೆ, ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ದಿನಗಳಲ್ಲೇ ಅಮ್ಮ, ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಎರಡು ಸಲ ಹೇಳಿದ್ದರು. ಲೈಸೆನ್ಸ್ ಇರುವ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಅವರು ತಮ್ಮ ಚೀಲದಿಂದ ಹೋಲ್ಡರಿಗೆ ಸಿಕ್ಕಿಸಿದ 100 ವ್ಯಾಟಿನ ಹಳೆಯ ಬಲ್ಬೊಂದನ್ನು ತೆಗೆದು ಫೇಸ್ (ಕರೆಂಟ್ ಬರುವ ತಂತಿ) ಮತ್ತು ನ್ಯೂಟ್ರಲ್ (ಅದು ಮರಳುವ ತಂತಿ) ನಡುವೆ ಹಿಡಿದರು. ಬಲ್ಬು ಝಗ್ಗನೆ ಉರಿಯಿತು. ಫೇಸ್ ಮತ್ತು ಅರ್ತ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ) ನಡುವೆ ಹಿಡಿದಾಗ ಒಳಗಿನ ತಂತಿ ಊದುಬತ್ತಿಯ ತುದಿಯಂತೆ ಕೆಂಪಗಾಯಿತೇ ಹೊರತು ಬೆಳಕು ಬರಲಿಲ್ಲ. ಅರ್ತ್ ಕೆಟ್ಟಿದೆ ಎಂಬುದಕ್ಕೆ ಅದೇ ಗುರುತು. (ಇದನ್ನು ದಯವಿಟ್ಟು ಯಾರೂ ಸ್ವತಃ ಪರೀಕ್ಷಿಸಬೇಡಿ.) ಹಿತ್ತಲಿಗೆ ಸಿಮೆಂಟ್ ಹಾಕಿಸುವಾಗ ಅರ್ತಿಂಗ್ ಗುಂಡಿಯನ್ನು ಮುಚ್ಚಿಬಿಟ್ಟಿದ್ದೆವು. ಅಗೆಸಿ ನೋಡಿದರೆ ಪೈಪಿಗೆ ಬಿಗಿದಿದ್ದ ತಂತಿ ತುಕ್ಕು ತಿಂದು ಎಳೆಯಷ್ಟು ಉಳಿದಿತ್ತು. ಬೆರಳು ತಾಗಿದೊಡನೆ ಮುರಿದು ಕೈಗೆ ಬಂತು.

ಅರ್ತಿಂಗ್ ಸರಿಯಿದ್ದರೆ, ಫೇಸ್ ತಂತಿ ಗೀಸರಿನ ಲೋಹದ ಮೈಗೆ ತಾಗಿದ ಕೂಡಲೇ ಭಾರಿ ಕರೆಂಟ್ ಭೂಮಿಗೆ ಹರಿದು ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ. ಅರ್ತಿಂಗ್ ಕೆಟ್ಟಿದ್ದರೆ ಏನೂ ಬೀಳುವುದಿಲ್ಲ, ಆ ಲೋಹವೇ ಜೀವಂತವಾಗಿ ಕುಳಿತಿರುತ್ತದೆ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯಲು ಬೇಕಾದದ್ದು 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಸ್ವಿಚ್, ಅಂದರೆ ಆರ್‌ಸಿಸಿಬಿ. ನಮ್ಮ ಮನೆಯಲ್ಲಿ ಈ ಎರಡೂ ಇರಲಿಲ್ಲ. ಮರದ ಹಲಗೆಯ ಮೇಲೆ ಇದ್ದದ್ದು 16 ಆಂಪಿಯರಿನ ಪಿಂಗಾಣಿ ಫ್ಯೂಸ್, ಅದರಲ್ಲಿ ಯಾರೋ ಎಂದೋ ಸುತ್ತಿಟ್ಟಿದ್ದ ದಪ್ಪ ತಾಮ್ರದ ತಂತಿ. ಅದು ಹೋಗುವ ಮೊದಲು ಗೋಡೆಯೊಳಗಿನ ವೈರೇ ಸುಡುತ್ತಿತ್ತು.

ಬೆಳಿಗ್ಗೆ ಏಳು ಗಂಟೆಯ ಲೆಕ್ಕವನ್ನು ಅವರು ಸಿಮೆಂಟ್ ಚೀಲದ ಹಿಂಬದಿಯಲ್ಲೇ ಬರೆದು ತೋರಿಸಿದರು. ಕೆಳಗಿನ ಗೀಸರ್ 2000 ವ್ಯಾಟ್, ಮೇಲಿನದು 2000, ಇಂಡಕ್ಷನ್ ಒಲೆ 1800, ಒಂದು ಎಚ್‌ಪಿ ಪಂಪು ಎಳೆಯುವುದು ಸುಮಾರು 1000, ಒಟ್ಟು 6800. ಅದನ್ನು 230 ವೋಲ್ಟಿನಿಂದ ಭಾಗಿಸಿದರೆ ಹೆಚ್ಚುಕಡಿಮೆ 30 ಆಂಪಿಯರ್. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಷ್ಟು ಏರುತ್ತದೆ. 10 ಆಂಪಿಯರ್ ಹರಿಯುತ್ತಿದ್ದ ವೈರಿನಲ್ಲಿ 30 ಹರಿದರೆ ಶಾಖ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಹೀಗಿರುವಾಗ ಮಹಡಿಯಲ್ಲಿ ಎಷ್ಟು ಒಳ್ಳೆಯ ವೈರ್ ಹಾಕಿಸಿದರೂ, ಅದೆಲ್ಲ ಬಂದು ಸೇರುವ ಹಳೆಯ ಮೇನ್ ಮತ್ತು ಸರ್ವಿಸ್ ವೈರ್ (ಬೀದಿಯ ಕಂಬದಿಂದ ಮನೆಗೆ ಬರುವ ತಂತಿ) ಬದಲಾಗದಿದ್ದರೆ ಪ್ರಯೋಜನವಿಲ್ಲ.

ಲೋಡ್ ಹೆಚ್ಚಿಸಿದರೆ ತಿಂಗಳ ನಿಗದಿತ ಶುಲ್ಕ ಹೆಚ್ಚುತ್ತದೆ, ಸುಮ್ಮನಿರಿ ಎಂದು ಬುದ್ಧಿ ಹೇಳಿದವರು ಹಲವರು. ಶುಲ್ಕ ಕಿಲೋವ್ಯಾಟಿನ ಲೆಕ್ಕದಲ್ಲಿ ಹೆಚ್ಚುವುದು ನಿಜ. ಆದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಸಾಲುತ್ತದೆಯೇ ಎಂದು ಇಲಾಖೆಯವರು ನೋಡುವುದು ನಾವು ಬರೆಸಿಕೊಂಡ ಲೋಡಿನ ಆಧಾರದ ಮೇಲೆ. ಹತ್ತು ಮನೆಯವರು ಸುಳ್ಳು ಲೆಕ್ಕ ಕೊಟ್ಟು, ಸಂಜೆ ವೋಲ್ಟೇಜ್ ಇಳಿದಾಗ ಲೈನ್‌ಮನ್‌ಗೆ ಬೈಯುವುದು ನ್ಯಾಯವಲ್ಲ. ನಾವು ಅರ್ಜಿ ಕೊಟ್ಟು ಮೂರು ಫೇಸ್ (ಒಂದರ ಬದಲು ಮೂರು ಫೇಸ್ ತಂತಿಗಳಿರುವ ಸಂಪರ್ಕ) ಪಡೆದು, ಗೀಸರುಗಳನ್ನು ಬೇರೆ ಬೇರೆ ಫೇಸಿಗೆ ಹಂಚಿ, ಪ್ರತಿ ಗೀಸರಿಗೂ ಪ್ರತ್ಯೇಕವಾಗಿ 4 ಚದರ ಮಿಲಿಮೀಟರ್ ವೈರ್ ಎಳೆಸಿದೆವು. ಹೊಸ ಅರ್ತಿಂಗ್ ಗುಂಡಿಗೆ ತೆಗೆಯಬಹುದಾದ ಮುಚ್ಚಳ ಇಡಿಸಿದ್ದೇವೆ.

ಮೂರು ಫೇಸ್ ಹಾಕಿಸುವವರು ನ್ಯೂಟ್ರಲ್ ಬಿಗಿತವನ್ನು ಕಣ್ಣೆದುರೇ ಪರೀಕ್ಷಿಸಿಕೊಳ್ಳಲೇಬೇಕು. ಅದು ಕಡಿದುಹೋದರೆ 230 ವೋಲ್ಟ್ ಇರಬೇಕಾದ ಪ್ಲಗ್ಗಿನಲ್ಲಿ 300ಕ್ಕೂ ಮೀರಿ ಬಂದು ಫ್ರಿಜ್, ಟಿವಿಗಳು ಒಟ್ಟಿಗೇ ಸುಟ್ಟುಹೋಗಬಹುದು.

ಇಷ್ಟೆಲ್ಲ ಮಾಡಲು ನಮಗೆ ಆ ಎರಡು ವಾರ ಸಾಲಲಿಲ್ಲ. ಮೋಲ್ಡನ್ನು ಮುಂದಕ್ಕೆ ಹಾಕಿ, ಮೇಸ್ತ್ರಿಯ ಬೇಸರವನ್ನು ಸಹಿಸಿಕೊಂಡೆವು. ಮೋಲ್ಡಿನೊಳಗೆ ಹೂತುಹೋಗುವ ಪೈಪುಗಳ ಜಾಗ ಮೊದಲೇ ಗುರುತಾಗದಿದ್ದರೆ ಆಮೇಲೆ ಹೊಸ ಗೋಡೆಯನ್ನೇ ಕೊರೆಯಬೇಕಾಗುತ್ತಿತ್ತು. ನಮ್ಮ ಬೀದಿಯಲ್ಲಿ ಈಗ ಇನ್ನೆರಡು ಮನೆಗಳ ಮೇಲೆ ಸೆಂಟ್ರಿಂಗ್ ಏರುತ್ತಿದೆ. ಇಬ್ಬರ ಮನೆಗೂ ಹೋಗಿ, ಅರ್ತಿಂಗ್ ಗುಂಡಿ ಎಲ್ಲಿದೆ ಎಂದು ಕೇಳಿ ಬಂದಿದ್ದೇನೆ. ಒಬ್ಬರಿಗೆ ಅದು ಗೊತ್ತಿರಲಿಲ್ಲ, ಈ ಭಾನುವಾರ ಹುಡುಕಿ ಅಗೆಸುತ್ತಿದ್ದಾರೆ.