ಬೆರಳಿಗೆ ಸೂಜಿ ಚುಚ್ಚಿದರೆ ಲಕ್ವಾ ವಾಸಿಯಾಗದು: ಸ್ಪಷ್ಟನೆ

ಕಾರವಾರ, ಅಂಕೋಲಾ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹಳೇ ಸಂದೇಶವೊಂದು ಮತ್ತೆ ಓಡಾಡುತ್ತಿದೆ. ಲಕ್ವಾ ಹೊಡೆದವರ ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ, ಅಲ್ಲಿಯವರೆಗೆ ಅಲುಗಾಡಿಸಬೇಡಿ, ಇದು ಅಕ್ಯುಪಂಕ್ಚರ್ (ಚೀನಾದ ಸೂಜಿ ಚಿಕಿತ್ಸೆ) ಎಂದು.

ಸುಳ್ಳು. ಅದರಲ್ಲೂ ಆ 'ಅಲುಗಾಡಿಸಬೇಡಿ' ಎಂಬುದೇ ಹೆಚ್ಚು ಅಪಾಯದ ಮಾತು. ಲಕ್ವಾ ಹೊಡೆಯುವುದು ಮಿದುಳಿನ ರಕ್ತನಾಳ ಕಟ್ಟಿಕೊಂಡು ಇಲ್ಲವೇ ಒಡೆದು. ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ನಾಳ ಒಡೆದಿದ್ದರೆ ಅದೇ ಇಂಜೆಕ್ಷನ್ ಜೀವಕ್ಕೆ ಕುತ್ತು. ಶಿರಸಿ ಸೀಮೆಯ ಒಳಹಳ್ಳಿಯಿಂದ ಘಟ್ಟ ಇಳಿದೋ ಹುಬ್ಬಳ್ಳಿ ದಾರಿ ಹಿಡಿದೋ ಹೋಗಬೇಕಾದವರಿಗೆ ಬೆರಳು ಚುಚ್ಚುತ್ತ ಕೂರಲು ಹೊತ್ತೆಲ್ಲಿದೆ? ಬಾಯಿ ವಾರೆಯಾದರೆ, ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಶುರುವಾದ ಹೊತ್ತು ನೆನಪಿಟ್ಟುಕೊಳ್ಳಿ, ಡಾಕ್ಟರು ಮೊದಲು ಕೇಳುವುದೇ ಅದನ್ನು.

ನಿಜವಾದ ಅಕ್ಯುಪಂಕ್ಚರ್ ಬೇರೆಯೇ. ಚೀನಾದಲ್ಲಿ ತುರ್ತು ಹಂತ ದಾಟಿದ ಮೇಲೆ ವ್ಯಾಯಾಮದ ಜೊತೆಗೆ ಅದನ್ನೂ ಬಳಸುತ್ತಾರೆ. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ ಪರಿಶೀಲನೆಗಳು ಕಂಡಂತೆ ಪುರಾವೆ ದುರ್ಬಲ, ಬಹಳಷ್ಟು ಅಧ್ಯಯನಗಳ ಗುಣಮಟ್ಟ ಸಾಲದು. ಕೈಕಾಲು ಮರಳಿ ಪಳಗುವುದು ಮುಖ್ಯವಾಗಿ ರೂಢಿಯಿಂದ: ಅದೇ ಲೋಟ ನೂರು ಸಲ ಎತ್ತುವುದು, ಅಂಗಿಯ ಗುಂಡಿ ಹಾಕುವುದು, ಕುರ್ಚಿಯಿಂದ ಏಳುವುದು. ಹಾಗಂತ ಮೊದಲ ದಿನವೇ ಎಬ್ಬಿಸಿ ನಡೆಸುವ ಅವಸರವೂ ಬೇಡ. 2015ರಲ್ಲಿ ಪ್ರಕಟವಾದ ಅವರ್ಟ್ ಅಧ್ಯಯನದಲ್ಲಿ, 24 ಗಂಟೆಯೊಳಗೇ ಬಿರುಸಾಗಿ ಎಬ್ಬಿಸಿ ನಡೆಸಿದ ರೋಗಿಗಳ ಚೇತರಿಕೆ ಹಿಂದೆ ಬಿದ್ದಿತ್ತು.

ಅಕ್ಯುಪಂಕ್ಚರ್ ಸೂಜಿ ಹಾಕಿಸಿಕೊಳ್ಳುವುದಾದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇವೆಂದು ಮೊದಲೇ ಹೇಳಿ. ಫಿಸಿಯೋಥೆರಪಿಯನ್ನಂತೂ ಬಿಡಬೇಡಿ.